ಮಾರ್ಫತಿಗೆ ಖಾನೆ ಇರಲಿಲ್ಲ

ಮೊನ್ನೆ ಬೆಟಗೇರಿಯಲ್ಲಿ ಒಂದು ಬೈಂಡಿಂಗ್ ಅಂಗಡಿಯ ಮುಂದೆ ಆಟೋಕ್ಕಾಗಿ ಕಾಯುತ್ತ ನಿಂತಿದ್ದೆ. ಒಳಗೆ ಮೈದಾ ಹಿಟ್ಟಿಗೆ ಮೈಲುತುತ್ತ ಹಾಕಿ ಅಂಟು ಕುದಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಯೆಲ್ಲ ಕಹಿಯಾಯಿತು. ಬೇರೆಯವರಿಗೆ ಅದು ಹೊಸ ನೋಟ್‌ಬುಕ್ಕಿನ ವಾಸನೆ ಇದ್ದೀತು. ನನಗೆ ಅದು ಸಾಹೇಬರ ವಾಸನೆ.

ಸಾಹೇಬರು ಎಂದರೆ ನಾನು ಗದಗಿನಲ್ಲಿ ಮೊದಲು ಕೆಲಸಕ್ಕೆ ಸೇರಿದ ಸಂಸ್ಥೆಯ ಕಾರ್ಯದರ್ಶಿ. ಹೆಣ್ಣುಮಕ್ಕಳಿಗೆ ಬಾಲವಾಡಿ ಶಿಕ್ಷಕಿಯ ತರಬೇತಿ ಕೊಡುವ ಖಾಸಗಿ ಸಂಸ್ಥೆ ಅದು. ವರ್ಷವಿಡೀ ಹಾಸ್ಟೆಲ್ಲು, ಊಟ ಪುಕ್ಕಟೆ, ಮುಗಿದ ಮೇಲೆ ಕೆಲಸ. ಅವರ ಬಗ್ಗೆ ಏಕವಚನದಲ್ಲೇ ಬರೆಯಬೇಕೆಂದು ಕೈ ತುರಿಸುತ್ತದೆ, ಆದರೆ ಹಳೆಯ ರೂಢಿ ಬಿಡುತ್ತಿಲ್ಲ... ಗೌರವ ಎಂದು ಯಾರೂ ತಪ್ಪು ತಿಳಿಯಬೇಡಿ.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕೋರ್ಸ್ ಮುಗಿಸಿಕೊಂಡು ಬಂದಿದ್ದೆ. ಸಂಸ್ಥೆಗೆ ಆಗಷ್ಟೇ ಒಂದು ಕಂಪ್ಯೂಟರ್ ಬಂದಿತ್ತು. ಅದಕ್ಕೊಂದು ಬೇರೆ ಕೋಣೆ, ಕಿಟಕಿಗೆ ಪರದೆ. ಒಳಗೆ ಹೋಗಬೇಕಾದರೆ ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಸಾಹೇಬರು ದಿನಾ ಬೆಳಿಗ್ಗೆ ಬಂದು ಅದಕ್ಕೆ ಊದಿನಕಡ್ಡಿ ಬೆಳಗುತ್ತಿದ್ದರು. ಒಂದು ಕೀಲಿ ಒತ್ತಲೂ ಬಾರದು. ಆದರೆ ಯಾರಾದರೂ ದೊಡ್ಡವರು ನೋಡಲು ಬಂದರೆ, ಎಲ್ಲ ತಾವೇ ಮಾಡಿದ ಹಾಗೆ ಗಂಟೆಗಟ್ಟಲೆ ವಿವರಿಸುತ್ತಿದ್ದರು. ನಾನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತಿರಬೇಕು.

ನನಗೆ ಕೊಟ್ಟ ಮೊದಲ ಕೆಲಸ ವಿಳಾಸಗಳದು. ಅರ್ಜಿ ಹಾಕಿದ ಹುಡುಗಿಯರ ವಿಳಾಸಗಳನ್ನು ಒಂದೊಂದೇ ಉದ್ದ ಸಾಲಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುವುದು. ಆಮೇಲೆ ಆ ಸಾಲನ್ನು ಕತ್ತರಿಸಿ ಹೆಸರು, ಮನೆ, ಓಣಿ, ಊರು, ಅಂಚೆ, ತಾಲ್ಲೂಕು, ಜಿಲ್ಲೆ, ಪಿನ್ ಎಂದು ಬೇರೆ ಬೇರೆ ಖಾನೆಗೆ ಹಾಕುವ ಪ್ರೋಗ್ರಾಂ ಬರೆಯುವುದು. ಈ ಖಾನೆಗಳನ್ನು ಸಾಹೇಬರೇ ಒಂದು ಗ್ರಾಫ್ ಕಾಗದದ ಮೇಲೆ ಸ್ಕೇಲಿಟ್ಟು ಗೀಚಿ ಕೊಟ್ಟಿದ್ದರು. ಅದರ ಕೆಳಗೆ ದೊಡ್ಡದಾಗಿ ಸಹಿ ಬೇರೆ.

ನಮ್ಮ ಕಡೆಯ ಜನ ವಿಳಾಸ ಬರೆಯುವ ರೀತಿ ನೋಡಿದರೆ ಯಾವ ಮಶೀನಿಗಾದರೂ ತಲೆ ತಿರುಗಬೇಕು. ಒಬ್ಬಳು ‘ಮಠದ ಹಿಂದ’ ಎಂದು ಬರೆದರೆ, ಇನ್ನೊಬ್ಬಳು ‘ಗಿರಣಿ ದಾಟಿ ಬೇವಿನ ಗಿಡದ ಮನಿ’. ಅಡ್ಡಹೆಸರುಗಳೋ, ಎಲ್ಲ ಊರಿನ ಹೆಸರೇ. ಶಿಗ್ಲಿಯವರು ಲಕ್ಷ್ಮೇಶ್ವರದಲ್ಲಿ, ಲಕ್ಷ್ಮೇಶ್ವರದವರು ಶಿರಹಟ್ಟಿಯಲ್ಲಿ. ಅಲ್ಪವಿರಾಮ ಕಂಡಲ್ಲಿ ತುಂಡು ಮಾಡು, ‘ತಾ’ ಎಂದಿದ್ದರೆ ಮುಂದಿನದು ತಾಲ್ಲೂಕು, ‘ಜಿ’ ಎಂದಿದ್ದರೆ ಜಿಲ್ಲೆ... ಹೀಗೆ ಒಂದೊಂದೇ ಸಾಲು ಬರೆದು, ಓಡಿಸಿ ನೋಡಿ, ತಪ್ಪು ತಿದ್ದಿ ಅದನ್ನು ಒಂದು ಹದಕ್ಕೆ ತಂದಿದ್ದೆ. ಆ ಹಸಿರು ಅಕ್ಷರಗಳು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತಾಗ ಆದ ಖುಷಿಯನ್ನು ಮಾತ್ರ ಸಾಹೇಬರಿಗೂ ನನ್ನಿಂದ ಕಸಿಯಲಾಗಲಿಲ್ಲ.

ಉಳಿದದ್ದು ಮಾರ್ಫತು, ಇನ್ನೊಬ್ಬರ ಮೂಲಕ ತಲುಪುವ ವಿಳಾಸ. ಆಗೆಲ್ಲ ಹಳ್ಳಿಯ ಹೆಣ್ಣುಮಕ್ಕಳು ಮನೆಯವರ ಕೈಗೆ ಸಿಗಬಾರದ ಪತ್ರಗಳನ್ನು ಪೇಟೆಯ ಬಳೆ ಅಂಗಡಿಯ ಮಾರ್ಫತ ತರಿಸಿಕೊಳ್ಳುತ್ತಿದ್ದರು. ಬಳೆ ಇಡಿಸಿಕೊಳ್ಳಲು ಸಂತೆಗೆ ಹೋಗುತ್ತೇನೆಂದರೆ ಯಾವ ಅತ್ತೆಯೂ ಬೇಡ ಅನ್ನುವುದಿಲ್ಲ. ಬಳೆಗಾರ ಬಳೆ ಏರಿಸಿ, ಕಾಗದದಲ್ಲಿ ಸುತ್ತಿದ ಒಂದೆರಡು ಹೆಚ್ಚಿನ ಬಳೆಗಳ ಜೊತೆ ಪತ್ರವನ್ನೂ ಇಟ್ಟು ಕೊಡುತ್ತಿದ್ದ. ನಮ್ಮ ಅವ್ವನೂ ತವರಿನ ಪತ್ರಗಳನ್ನು ಹಾಗೇ ತರಿಸಿಕೊಂಡವಳು. ಅರ್ಜಿಗಳಲ್ಲಿ ಅಂಥ ವಿಳಾಸಗಳು ಸುಮಾರು ಇದ್ದವು: ಮೊದಲು ಹುಡುಗಿಯ ಹೆಸರು, ಮನೆ, ಊರು, ಕೊನೆಗೆ ಇಂಥ ಬಳೆ ಅಂಗಡಿಯ ಮಾರ್ಫತ ಎಂದು. ಇದಕ್ಕೊಂದು ಖಾನೆ ಬೇಕು ಎಂದು ಸಾಹೇಬರ ಮುಂದೆ ಹೋಗಿ ನಿಂತೆ.

“ಸಂಸ್ಥಾದ ಪತ್ರ ಬಳಿ ಅಂಗಡಿಗೆ ಹೋಗಬೇಕೇನ್ರೀ? ಮಾರ್ಫತ ಅಂತ ಎಲ್ಲಿ ಬರ್ತೈತೋ ಅಲ್ಲಿಂದ ಮುಂದಿಂದೆಲ್ಲಾ ಕಡದ ಒಗೀರಿ. ಆಕಿ ಇರೋ ಮನಿಗೇ ಹೋಗ್ಲಿ.”

“ಸುಮ್ಮಸುಮ್ಮನ ಯಾರೂ ಹಂಗ ಬರಿಯಂಗಿಲ್ರಿ ಸಾಹೇಬ್ರ. ಮನಿಯಾಗ ತ್ರಾಸ ಇರ್ತೈತಿ.”

“ಮನಿಯವರಿಗೆ ಗೊತ್ತಿಲ್ದ ಬರೋ ಹುಡಿಗ್ಯಾರು ನಮಗ ಬ್ಯಾಡ.”

ಅಷ್ಟೇ. ತಲೆಯನ್ನೂ ಎತ್ತಲಿಲ್ಲ. ಪ್ರೋಗ್ರಾಮಿನಲ್ಲಿ ಆ ಸಾಲು ಬರೆಸಿ, ಓಡಿಸಿ ತೋರಿಸುವವರೆಗೂ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಮುದ್ರಿಸಿದ ವಿಳಾಸಗಳನ್ನು ಕತ್ತರಿಯಿಂದ ಕತ್ತರಿಸಿ, ಮೈದಾ ಅಂಟು ಹಚ್ಚಿ ಆಯ್ಕೆ ಪತ್ರಗಳ ಲಕೋಟೆಗಳಿಗೆ ಅಂಟಿಸುವಾಗಲೂ ನಿಂತಿದ್ದರು, ಒಂದನ್ನೂ ಕೈಯಿಂದ ತಿದ್ದಲು ಬಿಡದೆ. ನನ್ನ ಕೈ ಬರೆದದ್ದಕ್ಕೆ ತಪ್ಪು ನನ್ನದೂ ಹೌದು ಎಂದು ಆಮೇಲೆ ಒಬ್ಬರು ಹೇಳಿದ್ದುಂಟು. ಅವರ ಜೊತೆ ಈಗಲೂ ಮಾತು ಬಿಟ್ಟಿದ್ದೇನೆ.

ತರಬೇತಿ ಶುರುವಾಗಿ ಸ್ವಲ್ಪ ದಿನಕ್ಕೆ ಮುಂಡರಗಿಯಿಂದ ಒಬ್ಬ ಮುದುಕರು ಬಂದರು. ಬಿಳಿ ಗಡ್ಡ, ತಲೆಗೆ ಟೊಪ್ಪಿಗೆ. ಅಲ್ಲಿ ಬಳೆ ಅಂಗಡಿ ಇಟ್ಟವರು, ಎಲ್ಲರೂ ಚಾಚಾ ಅನ್ನುತ್ತಿದ್ದರಂತೆ. ಸಿಂಗಟಾಲೂರಿನ ಒಬ್ಬ ಹುಡುಗಿಯ ಸಲುವಾಗಿ ಬಂದಿದ್ದರು. ಅವಳು ಮ್ಯಾಟ್ರಿಕ್ ಪಾಸಾದವಳು. ಗಂಡ ಗೋವಾಕ್ಕೆ ದುಡಿಯಲು ಹೋಗಿ ಅಲ್ಲೇ ಇನ್ನೊಂದು ಮನೆ ಮಾಡಿದ್ದ. ಮಾವ ಇವಳನ್ನು ಹೊಲದ ದುಡಿಮೆಗೆ ಇಟ್ಟುಕೊಂಡಿದ್ದ, ತವರಿಗೂ ಕಳಿಸುತ್ತಿರಲಿಲ್ಲ. ಆ ಮನೆಯಿಂದ ಹೊರಗೆ ಬರಲು ಅವಳಿಗೆ ಇದ್ದದ್ದು ನಮ್ಮ ಹಾಸ್ಟೆಲ್ಲಿನ ಒಂದು ಹಾಸಿಗೆ.

“ಪತ್ರ ನನ್ನ ಅಂಗಡಿಗೆ ಬರಬೇಕಾಗಿತ್ರಿ ಸಾಹೇಬ್ರ, ಮಾವನ ಕೈಗೆ ಹೋತು,” ಎಂದರು ಚಾಚಾ, ನಿಂತುಕೊಂಡೇ. ಸಾಹೇಬರು ಕೂರಲು ಹೇಳಿರಲಿಲ್ಲ. “ಓದಿಸಿ ಕೇಳಿ ಒಲಿಗೆ ಹಾಕ್ಯಾನ. ಹುಡಿಗೀನ್ನ ಬಡದಾನಂತ್ರಿ. ಇನ್ನೊಂದು ಪತ್ರ ಕೊಡ್ರಿ. ಕಾಗದ ಕೈಯಾಗ ಇದ್ರ ಆಕಿ ತವರಿನವರಿಗೆ ಧೈರ್ಯ ಬರ್ತೈತಿ, ಹೋಗಿ ಬಿಡಿಸ್ಕೊಂಡು ಬರ್ತಾರ.”

“ನೀ ಆಕೀಗಿ ಏನಾಗ್ಬೇಕು?”

“ಏನೂ ಆಗಬೇಕಾಗಿಲ್ರಿ. ಬಳಿ ಇಡಿಸ್ಕೊಳ್ಳಾಕ ಬರ್ತಾಳ.”

ಸಾಹೇಬರು ನಕ್ಕರು. ಆ ನಗೆ ಇವತ್ತಿಗೂ ನನ್ನ ಕಿವಿಯಲ್ಲಿದೆ. ನಾನು ತಡೆಯಲಾರದೆ, ಹಾಸಿಗೆ ಇನ್ನೂ ಖಾಲಿ ಐತ್ರಿ, ಪತ್ರ ಈಗಲೇ ಟೈಪ್ ಮಾಡಿ ಕೊಡುತ್ತೇನೆ, ಸಹಿ ಹಾಕಿದರೆ ಸಾಕು ಎಂದೆ. ನನ್ನ ಕಡೆ ನೋಡದೆಯೇ ಚಾಚಾಗೆ ಹೇಳಿದರು: “ವಿಳಾಸ ಮಶೀನು ಬರದೈತಿ. ಮಶೀನು ತಪ್ಪ ಮಾಡಂಗಿಲ್ಲ. ಹೋಗು.”

ಇನ್ನೊಂದು ಪತ್ರ ಕೊಟ್ಟರೆ ಮೊದಲನೆಯದು ತಪ್ಪಾಗಿ ಹೋಗಿತ್ತು ಎಂದು ಒಪ್ಪಿದಂತೆ ಆಗುತ್ತಿತ್ತಲ್ಲ. ಆ ವಾರ ಸಂಸ್ಥೆಯ ಅಧ್ಯಕ್ಷರು ಮಶೀನು ನೋಡಲು ಬರುವವರಿದ್ದರು. ಒಂದು ಸಹಿ... ಪೆನ್ನು ಕಿಸೆಯಲ್ಲೇ ಇತ್ತು. ಚಾಚಾ ಟೊಪ್ಪಿಗೆ ಸರಿಮಾಡಿಕೊಂಡು ಮೆಟ್ಟಿಲಿಳಿದು ಹೋದರು. ಅಷ್ಟು ಸಣ್ಣ ಮನುಷ್ಯನನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಚಾಚಾನ ಮಾತಲ್ಲ ಇದು, ಕುರ್ಚಿಯಲ್ಲಿ ಕೂತಿದ್ದವರದು.

ಅವತ್ತು ಸಂಜೆ ಪ್ರೋಗ್ರಾಮಿನಲ್ಲಿ ಮಾರ್ಫತಿಗೊಂದು ಖಾನೆ ಸೇರಿಸಿದೆ. ಮರುದಿನ ಅಧ್ಯಕ್ಷರ ಮುಂದೆಯೇ ಅದನ್ನು ಓಡಿಸಿ, ಯಾಕೆ ಸೇರಿಸಿದೆ ಎಂಬುದನ್ನೂ ಹೇಳಿದೆ. ಅಧ್ಯಕ್ಷರು ಚಹಾ ಕುಡಿಯುತ್ತ ಕೇಳಿದರು, “ಹೌದಾ” ಎಂದರು, ಕಾರು ಹತ್ತಿದರು. ಸಾಹೇಬರು ಅದನ್ನು ಅಳಿಸಲು ಹೇಳಿದರು. ಬೇಕಾದರೆ ನೀವೇ ಅಳಿಸಿಕೊಳ್ಳಿ ಎಂದು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ. ಆ ಹಾಸಿಗೆ ವರ್ಷವಿಡೀ ಖಾಲಿ ಬಿದ್ದಿತ್ತು ಎಂದು ಅಡುಗೆಯವ್ವ ಆಮೇಲೆ ಹೇಳಿದಳು. ಯಾರಿಗೂ ಕೊಡಲಿಲ್ಲ ನೋಡಿ! ಯಾರಿಗಾದರೂ ಕೊಟ್ಟಿದ್ದರೆ ನನ್ನ ಸಿಟ್ಟು ಒಂದಿಷ್ಟಾದರೂ ಇಳಿಯುತ್ತಿತ್ತೋ ಏನೋ.

ಎರಡು ಮಳೆಗಾಲ ಕಳೆದ ಮೇಲೆ ಒಂದು ಮದುವೆಗೆಂದು ಮುಂಡರಗಿಗೆ ಹೋದಾಗ ಚಾಚಾನ ಅಂಗಡಿ ಹುಡುಕಿಕೊಂಡು ಹೋದೆ. ಹುಡುಗಿಯನ್ನು ಕೇಳಿದೆ. ಅವರು ಬಳೆಯ ಗೊಂಚಲನ್ನು ಅರಿವೆಯಿಂದ ಒರೆಸುತ್ತ ಹೇಳಿದರು.

“ಮೊನ್ನಿ ಬಂದಿದ್ಳವಾ. ಎಷ್ಟೋ ದಿನದ ಮ್ಯಾಲ ಸಂತಿಗೆ ಬಿಟ್ಟಿದ್ರು. ಪತ್ರದ ಮಾತು ತಗೀತಾಳೇನೋ ಅಂತ ನಾ ತಲಿ ತಗ್ಗಿಸಿ ಕುಂತೆ. ಆಕಿ ಕೈ ಮುಂದ ಮಾಡಿ, ‘ಗಟ್ಟಿ ಬಳಿ ಹಾಕ್ರಿ ಚಾಚಾ, ಹೊಲದಾಗ ಒಡೀತಾವು’ ಅಂದ್ಳು.”

ಹೋದ ತಿಂಗಳು ಸಾಹೇಬರು ತೀರಿಕೊಂಡರು. ಸಂಸ್ಥೆಯವರು ಫೋನ್ ಮಾಡಿದ್ದರು. ಗದಗಿಗೆ ಕಂಪ್ಯೂಟರ್ ತಂದವರು ಅವರು, ನೀವು ಅವರನ್ನು ಹತ್ತಿರದಿಂದ ಕಂಡವರು, ಶೋಕಸಭೆಯಲ್ಲಿ ಎರಡು ಮಾತು ಆಡ್ರಿ ಅಂದರು. ಎರಡು ಸಾಲಂಗಿಲ್ರಿ ಎಂದು ಫೋನ್ ಇಟ್ಟೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ಮನೆಯಲ್ಲಿ ಹೇಳುತ್ತಾರೆ. ಬದುಕಿದ್ದಾಗ ಆಡಲು ಬಿಡಲಿಲ್ಲ, ಈಗಲೂ ಬಾರದು ಎಂದರೆ ಯಾವಾಗ ಆಡುವುದು?

ಚಾಚಾ ಹೋಗಿ ಬಹಳ ವರ್ಷಗಳಾದವು. ಅವರ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲು ಮಾರುತ್ತಾರೆ. ಆ ಹುಡುಗಿಯ ಮುಖವನ್ನು ನಾನು ಒಮ್ಮೆಯೂ ನೋಡಲಿಲ್ಲ. ಬದುಕಿದ್ದರೆ ಅವಳಿಗೂ ನನ್ನಷ್ಟೇ ವಯಸ್ಸಾಗಿರಬೇಕು... ಅವಳಿಗೊಂದು ಪತ್ರ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಲಕೋಟೆಯ ಮೇಲೆ ಬರೆಯಲು ನನಗೆ ಗೊತ್ತಿರುವುದು ಆ ಮಾವನ ಮನೆಯ ವಿಳಾಸ ಒಂದೇ.