ಐಸಿನ ಮೇಲಿಟ್ಟ ಡಿಶ್‌ನಲ್ಲಿ ಹಸಿರು ಚುಕ್ಕೆ

ಮೈಕ್ರೋಸ್ಕೋಪಿನ ಪರದೆಯ ಮೇಲೆ ಹಸಿರು ಚುಕ್ಕೆಗಳು ಕಂಡ ಕೂಡಲೇ ನಮ್ಮ ಗೈಡ್, ಹಲಸಿನ ಬೀಜದ ಪ್ರೋಟೀನು ಜೀವಕೋಶದ ಒಳಗೆ ಹೋಗಿದೆ ಎಂದುಬಿಟ್ಟರು. ನನಗೆ ನಂಬಿಕೆ ಬರಲಿಲ್ಲ. ಬೀಜ ಸಿ.ಎಸ್. ಪುರದ ದೊಡ್ಡಮ್ಮನ ಮನೆಯ ಮರದ್ದು. ಅದರ ಪ್ರೋಟೀನು ತೆಗೆದು ಹಸಿರು ಬಣ್ಣ ಸೇರಿಸಿದವಳು ನಾನೇ. ಅದು ಕೋಶದ ಮೈಮೇಲಿನ ಸಕ್ಕರೆಗಳನ್ನು ಹಿಡಿದುಕೊಳ್ಳುತ್ತದೆ. ಹೊರಗೆ ಅಂಟಿಕೊಂಡಿದ್ದರೂ ಮೇಲಿನಿಂದ ನೋಡುವವರಿಗೆ ಒಳಗಿದ್ದಂತೆ ಕಾಣಬಹುದು. ಕೋಶ ತನ್ನ ಪೊರೆಯನ್ನು ಒಳಕ್ಕೆ ಮಡಚಿ ಅದನ್ನು ನಿಜವಾಗಿ ನುಂಗುತ್ತದೆ ಎಂದು ತೋರಿಸದಿದ್ದರೆ ನನ್ನ ಪಿಎಚ್.ಡಿ. ಪ್ರಬಂಧದ ಮುಖ್ಯ ಅಧ್ಯಾಯವೇ ಇಲ್ಲ.

ಪರೀಕ್ಷೆ ಸರಳ. ಕೋಶ ಬೆಳೆಸಿದ ಎರಡು ಡಿಶ್‌ಗಳಿಗೂ ಪ್ರೋಟೀನು ಹಾಕಿ, ಒಂದನ್ನು ಬೆಚ್ಚಗೆ, ಇನ್ನೊಂದನ್ನು ಐಸಿನ ಮೇಲೆ ಇಡುವುದು. ಚಳಿಯಲ್ಲಿ ಕೋಶ ನುಂಗಲಾರದು. ಮೊದಲು ಉಪ್ಪುನೀರು, ಆಮೇಲೆ ಗ್ಯಾಲಕ್ಟೋಸ್ ಎಂಬ ಸಕ್ಕರೆಯ ನೀರು ಹಾಕಿ ತೊಳೆದರೆ, ಹೊರಗೆ ಅಂಟಿದ ಪ್ರೋಟೀನು ಕೋಶವನ್ನು ಬಿಟ್ಟು ಆ ಸಕ್ಕರೆಯ ಜೊತೆ ಹೋಗುತ್ತದೆ. ಉಳಿದದ್ದು ಒಳಗಿನದು. ಐಸಿನ ಡಿಶ್ ಪರದೆಯಲ್ಲಿ ಕಪ್ಪಾಗಿರಬೇಕಿತ್ತು. ಇರಲಿಲ್ಲ.

ಅದನ್ನು ನೋಡಿಕೊಂಡಿದ್ದವಳು ಅಮೃತೂರಿನಿಂದ ಬರುವ ನನ್ನ ಲ್ಯಾಬ್ ಗೆಳತಿ.

“ಐಸ್ ಮೇಲಿಂದ ಎತ್ತಿದ್ಯಾ?”

“ಇಲ್ಲ ಕಣೇ. ಒಳ್ಳೆ ಪೊಲೀಸ್ ತರ ಕೇಳ್ತೀಯಲ್ಲ!”

ಐಸ್ ಕರಗಿತ್ತೇ? ಪ್ರೋಟೀನನ್ನು ಬಿಟ್ಟು ಬಣ್ಣ ಮಾತ್ರ ಒಳಗೆ ಹೋಯಿತೇ? ಶೆಟ್ಟಿಹಳ್ಳಿಯ ರೂಮಿನಲ್ಲಿ ಊಟಕ್ಕೆ ಕೂತಾಗಲೂ ಅದೇ ಯೋಚನೆ. ಮಾರನೆಯ ದಿನ ಅವಳಿಂದಲೇ ಇನ್ನೊಮ್ಮೆ ಮಾಡಿಸಿ ಪಕ್ಕದಲ್ಲಿ ನಿಂತೆ. ಎಲ್ಲವೂ ಸರಿಯಾಗಿತ್ತು. ಅವಳು ತೊಳೆಯಲು ಉಪ್ಪುನೀರಿನ ಬಾಟಲಿ ಎತ್ತಿದಾಗ ನಾನು ಅದನ್ನು ಮುಟ್ಟಿದೆ. ಉಗುರುಬೆಚ್ಚಗಿತ್ತು.

“ಇದನ್ನ ಯಾಕೆ ಬಿಸಿ ಮಾಡ್ದೆ?”

“ಸೆಲ್ಸ್‌ಗೆ ಯಾವತ್ತಾದ್ರೂ ತಣ್ಣಗಿರೋದು ಹಾಕಿದೀವೇನೇ? ಹಸುಗೂಸಿಗೆ ಯಾರಾದ್ರೂ ತಣ್ಣೀರ್ ಹುಯ್ತಾರಾ? ಪಾಪ, ಅಷ್ಟೊತ್ತು ಐಸ್ ಮೇಲೆ ಕೂತಿದ್ವು.”

ಅವಳ ಮನೆಯಲ್ಲಿ ಅಕ್ಕ ಬಾಣಂತಿ. ದಿನಾ ಬೆಳಿಗ್ಗೆ ಮಗುವಿಗೆ ನೀರು ಹಾಕಿಯೇ ಬಸ್ಸು ಹತ್ತುತ್ತಿದ್ದಳು.

ಬೆಚ್ಚನೆಯ ನೀರು ಬಿದ್ದು ಕೋಶಗಳು ಚುರುಕಾಗಿ, ಮೈಮೇಲಿದ್ದುದನ್ನು ನುಂಗಲು ಶುರುಮಾಡಿರಬೇಕು. ಸಕ್ಕರೆಯ ನೀರು ಬರುವ ಹೊತ್ತಿಗೆ ತಡವಾಗಿತ್ತು. ಇದೂ ನನ್ನ ಊಹೆಯೇ, ಇನ್ನೂ ನಂಬುವಂತಿರಲಿಲ್ಲ.

ಬಾಟಲಿಗಳನ್ನೂ ಐಸಿನಲ್ಲಿ ಹೂತಿಟ್ಟು ಮತ್ತೆ ಮಾಡಿದೆವು. ಬೆಚ್ಚನೆಯ ಡಿಶ್‌ನಲ್ಲಿ ಚುಕ್ಕೆಗಳು ಹಾಗೇ ಇದ್ದವು. ಐಸಿನದು ಕಪ್ಪು. ಬೆಳಕು ಹೆಚ್ಚಿಸಿ ನೋಡಿದೆ. ಕಪ್ಪೇ.

“ಈಗ್ಲಾದ್ರೂ ನಂಬ್ತೀಯೇನೇ?”

“ಇನ್ನೊಂದ್ಸಲ. ಐಸಿಂದು ನಾನು ಮಾಡ್ತೀನಿ.”

“ಮಾಡು ತಾಯಿ,” ಎಂದು ಐಸಿನ ಡಬ್ಬ ನನ್ನ ಕಡೆ ತಳ್ಳಿದಳು.