ಹಂಗೇರಿ ಸರ್ ಮತ್ತು ಕಾಣೆಯಾದ ಬಿ.ಎ.

ಏಪ್ರಿಲ್ ತಿಂಗಳಲ್ಲಿ ಮಧುಗಿರಿಯ ಬೆಟ್ಟ ಹಗಲೆಲ್ಲ ಕಾದು ಊರಿನ ಮೇಲೆ ಕಾವು ಉಗುಳುತ್ತಿರುವಾಗ, ಕಪ್ಪು ಉಣ್ಣೆಯ ಕೋಟು ತೊಟ್ಟು ಟೈ ಬಿಗಿದುಕೊಂಡು ಕಾಲೇಜಿಗೆ ಬರುತ್ತಿದ್ದವರು ಒಬ್ಬರೇ. ನಮ್ಮ ಭೂಗೋಳದ ಮೇಷ್ಟ್ರು ಹನುಮಂತರಾಯ ಸರ್. ಅದೂ ಪರೀಕ್ಷೆಯ ದಿನ ಮಾತ್ರ. ಮಿಕ್ಕ ದಿನಗಳಲ್ಲಿ ಅವರನ್ನು ನೋಡಿದವರು ಕಾಲೇಜಿಗೆ ಮಗನ ಫೀಸು ಕಟ್ಟಲು ಬಂದ ರೈತನೆಂದುಕೊಳ್ಳುತ್ತಿದ್ದರು. ತೋಳು ಮಡಿಸಿದ ಅಂಗಿ, ಸವೆದ ಚಪ್ಪಲಿ, ಎಣ್ಣೆ ಕಾಣದ ತಲೆ.

"ಇಷ್ಟು ಸೆಕೆಯಲ್ಲಿ ಕೋಟು ಯಾಕೆ ಸರ್?" ಎಂದು ಮೊದಲ ವರ್ಷದಲ್ಲಿ ನಮ್ಮಲ್ಲೊಬ್ಬ ಕೇಳಿಯೇಬಿಟ್ಟಿದ್ದ.

"ಪರೀಕ್ಷೆ ಅಂದ್ರೆ ಇಬ್ರು ದೊಡ್ಡ ಮನುಸ್ರು ಎದುರಾಬದುರು ಕೂತು ಮಾತಾಡೋದು ಕಣಪ್ಪ. ನಾನು ಓದಿದ ಕಡೆ ಹುಡುಗ್ರೂ ಕೋಟು ಹಾಕ್ಕೊಂಡೇ ಬರ್ತಿದ್ರು. ನಿಮಗೆ ಹೇಳಿದ್ರೆ ಕೋಟು ಎಲ್ಲಿಂದ ತರ್ತೀರ? ಅದಕ್ಕೇ ನಿಮ್ಮ ಪಾಲಿಂದೂ ನಾನೇ ಹಾಕ್ಕೊಂಡಿದೀನಿ."

ಅವರು ಓದಿದ ಕಡೆ ಎಂದರೆ ಹಂಗೇರಿ. ಪಾವಗಡದ ಗಡಿಯ ಕಡೆ, ಅರ್ಧ ತೆಲುಗು ಅರ್ಧ ಕನ್ನಡದ ಒಂದು ಹಳ್ಳಿಯಲ್ಲಿ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವರು. ಪಿಯುಸಿ ಮುಗಿದಾಗ ಅವರ ಮೇಷ್ಟ್ರೊಬ್ಬರು ಪೇಪರಿನಲ್ಲಿ ಬಂದ ವಿದ್ಯಾರ್ಥಿವೇತನದ ಜಾಹೀರಾತು ನೋಡಿ ಅರ್ಜಿ ಹಾಕಿಸಿದರು. ಯಾರೂ ನಿರೀಕ್ಷಿಸದಿದ್ದರೂ ಆಯ್ಕೆಯಾಯಿತು. ಬೆಂಗಳೂರನ್ನೇ ಸರಿಯಾಗಿ ನೋಡಿರದ ಹುಡುಗ ಯೂರೋಪಿಗೆ ಹೋಗಿ, ಒಂದು ವರ್ಷ ಭಾಷೆ ಕಲಿತು, ಆಮೇಲೆ ಐದು ವರ್ಷ ಭೂಗೋಳ ಓದಿ ಬಂದ.

ಆ ಭಾಷೆ ಕಷ್ಟವಾಗಲಿಲ್ಲವೇ ಎಂದರೆ ನಗುತ್ತಿದ್ದರು. "ಅವ್ರೂ ನಮ್ಮಂಗೇ ಪದಕ್ಕೆ ಬಾಲ ಅಂಟಿಸ್ತಾರಮ್ಮ. ಹಾಜ್ ಅಂದ್ರೆ ಮನೆ, ಹಾಜ್‌ಬನ್ ಅಂದ್ರೆ ಮನೆಯಲ್ಲಿ. ಮನೆತನದ ಹೆಸ್ರೂ ಸ್ವಂತ ಹೆಸ್ರಿಗಿಂತ ಮುಂದೆ ಇಡ್ತಾರೆ, ನಮ್ಮ ಪಾವಗಡದ ತೆಲುಗಿನೋರ ಥರ. ಅಂತೇ ಕದಮ್ಮಾ, ಇಷ್ಟೇ ತಾನೇ! ಇಂಗ್ಲಿಷಿಗಿಂತ ಸುಲಭ."

ಊರು ಅವರನ್ನು ಹಂಗೇರಿ ಸರ್ ಎಂದೇ ಕರೆಯುತ್ತಿತ್ತು. ಕ್ಯಾಂಟೀನಿನಲ್ಲಿ ಅದಕ್ಕೊಂದು ತಮಾಷೆಯೂ ಹುಟ್ಟಿಕೊಂಡಿತ್ತು. "ಎಲ್ಲಿ ಓದಿದ್ರಂತೆ?" ಎಂದು ಒಬ್ಬ ಕೇಳುವುದು, "ಹಂಗೇ ರೀ" ಎಂದು ಇನ್ನೊಬ್ಬ ಹೇಳುವುದು. ಸರ್ ಕಿವಿಗೂ ಅದು ಬಿದ್ದಿತ್ತು. ಬೇಸರ ಮಾಡಿಕೊಳ್ಳದೆ ತಾವೂ ನಕ್ಕಿದ್ದರು.

ಅವರ ಕಿರುಪರೀಕ್ಷೆಗಳಲ್ಲಿ ಬರೆಯುವುದಿರಲಿಲ್ಲ. ಮೇಜಿನ ಮೇಲೆ ಚೀಟಿಗಳನ್ನು ಬೋರಲಾಗಿ ಹರಡಿರುತ್ತಿದ್ದರು. ಒಂದನ್ನು ಎತ್ತಿಕೊಂಡು, ಹಿಂದಿನ ಬೆಂಚಿನಲ್ಲಿ ಕೂತು ಸ್ವಲ್ಪ ಹೊತ್ತು ಯೋಚಿಸಿ, ಆಮೇಲೆ ಅವರ ಎದುರಿನ ಕುರ್ಚಿಗೆ ಹೋಗಿ ಮಾತಾಡಬೇಕು. ನಾವು ಹತ್ತಿರ ಹೋದೊಡನೆ ಅವರು ಎದ್ದು ನಿಲ್ಲುತ್ತಿದ್ದರು. ಮೇಷ್ಟ್ರು ನಮಗಾಗಿ ಎದ್ದು ನಿಂತದ್ದನ್ನು ನಾವು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅರ್ಧ ಓದಿದ್ದು ಅಲ್ಲಿಗೇ ಮರೆತುಹೋಗುತ್ತಿತ್ತು.

ನಾನು ಪುರವರದ ಹುಡುಗಿ. ಪುರವರದಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ತರಗತಿಯಲ್ಲಿ ಹಾಜರಿ ಹೇಳುವುದನ್ನು ಬಿಟ್ಟರೆ ನನ್ನ ದನಿ ಯಾರಿಗೂ ಕೇಳಿಸಿದ್ದಿಲ್ಲ. ಗೈಡಿನಲ್ಲಿದ್ದ ಮಾನ್ಸೂನು, ಪ್ರಸ್ಥಭೂಮಿ ಎಲ್ಲ ಉರುಹೊಡೆದು ಹೋಗಿದ್ದೆ. ಚೀಟಿ ತಿರುಗಿಸಿದರೆ ಬರೆದಿದ್ದದ್ದು ಒಂದು ಹೊಳೆಯ ಹೆಸರು ಮಾತ್ರ: ಜಯಮಂಗಲಿ. ಕುರ್ಚಿಯಲ್ಲಿ ಕೂತು ನೆಲ ನೋಡಿದೆ. ಅಳು ಬರುವಂತಾಗಿತ್ತು.

"ಗೈಡಲ್ಲಿ ಇದು ಇಲ್ಲ ಸರ್."

"ಗೈಡಲ್ಲಿ ಇಲ್ಲ ಸರಿ. ನಿಮ್ಮೂರ ಪಕ್ಕದಲ್ಲಿ ಇಲ್ವಾ?"

"ಐತೆ ಸರ್."

"ಏನ್ ಕಾಣಿಸ್ತದೆ ಅಲ್ಲಿ?"

"ಮರಳು ಸರ್. ನೀರು ಕಾಣಿಸಲ್ಲ."

"ಮತ್ತೆ ಅದನ್ನ ಹೊಳೆ ಅಂತ ಯಾಕಂತೀರ?"

ಅದು ನನ್ನನ್ನು ಕೆಣಕಿತು. ನಮ್ಮ ಹೊಳೆಯನ್ನು ಹೊಳೆಯಲ್ಲ ಎನ್ನಲು ಇವರು ಯಾರು ಎನಿಸಿತು. ಅಜ್ಜಿ ಮರಳು ಬಗೆದು ಒರತೆ ಮಾಡಿ ನೀರು ತುಂಬುತ್ತಿದ್ದದ್ದು, ಲಾರಿಯವರು ಮರಳು ಸಾಗಿಸಿದ ಮೇಲೆ ದಡದ ಬಾವಿಗಳು ಬತ್ತಿದ್ದು, ಒಂದು ವರ್ಷ ಹೊಳೆ ಬಂದಾಗ ಊರಿಗೆ ಊರೇ ಸೇತುವೆಯ ಮೇಲೆ ಹೋಗಿ ನಿಂತದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಸರ್ ಎದ್ದು ನಿಂತು ಕೈಮುಗಿದರು. "ಮಂಜುಳಾ, ನಿನಗೆ ಭೂಗೋಳ ಗೊತ್ತು ತಾಯಿ. ಗೊತ್ತಿದೆ ಅನ್ನೋದು ಗೊತ್ತಿರಲಿಲ್ಲ ಅಷ್ಟೇ." ನಾನು ಭೂಗೋಳದಲ್ಲೇ ಎಂ.ಎ. ಮಾಡಿ ಅದೇ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಬಂದದ್ದು ಆ ಮಧ್ಯಾಹ್ನದಿಂದಲೇ.

ಬಂದಾಗ ಸರ್ ಕೂಡ ಅತಿಥಿ ಉಪನ್ಯಾಸಕರಾಗಿಯೇ ಇದ್ದರು. ಅಷ್ಟು ವರ್ಷವಾದರೂ ಯಾಕೆ ಹೀಗೆ ಎಂಬುದು ನನಗೆ ಆಗಲೇ ತಿಳಿದದ್ದು. ಅವರಿಗೆ ಬಿ.ಎ. ಇರಲಿಲ್ಲ.

ಅವರು ಸೇರಿದ ಕಾಲಕ್ಕೆ ಹಂಗೇರಿಯ ವಿಶ್ವವಿದ್ಯಾಲಯಗಳಲ್ಲಿ ಪದವಿ, ಸ್ನಾತಕೋತ್ತರ ಎಂಬ ಎರಡು ಮೆಟ್ಟಿಲಿರಲಿಲ್ಲ. ಐದು ವರ್ಷದ ಒಂದೇ ಓದು, ಕೊನೆಗೆ ನಮ್ಮ ಎಂ.ಎ.ಗೆ ಸಮನಾದ ಒಂದೇ ಸರ್ಟಿಫಿಕೇಟು. ಅವರು ಓದುತ್ತಿದ್ದಾಗಲೇ ಯೂರೋಪಿನ ದೇಶಗಳೆಲ್ಲ ಕೂಡಿ ಕಾಲೇಜು ಓದನ್ನು ತಿದ್ದಲು ಹೊರಟಿದ್ದವು: ಎಲ್ಲ ಕಡೆ ಮೂರು ವರ್ಷಕ್ಕೊಂದು ಪದವಿ, ಆಮೇಲೆ ಎರಡು ವರ್ಷಕ್ಕೆ ಇನ್ನೊಂದು, ಕಲಿತದ್ದನ್ನು ಅಳೆಯಲು ಎಲ್ಲರಿಗೂ ಒಂದೇ ಬಗೆಯ ಕ್ರೆಡಿಟ್ಟು. ಇವರ ಹಿಂದೆ ಬಂದವರಿಗೆ ಹೊಸ ಪದ್ಧತಿ ಸಿಕ್ಕಿತು. ಇವರು ಹಳೆಯದರಲ್ಲಿ ಕೊನೆಯ ಸಾಲಿನವರು.

ನಮ್ಮಲ್ಲಿ ನಾಲ್ಕು ವರ್ಷದ ಪದವಿ ಬಂದು, ಮತ್ತೆ ಮೂರಕ್ಕೇ ಇಳಿದು, ಮಕ್ಕಳೆಲ್ಲ ತಲೆ ಕೆಡಿಸಿಕೊಂಡಿದ್ದಾಗ ಅವರು ತರಗತಿಯಲ್ಲಿ ಇದನ್ನು ವಿವರಿಸಿದ ರೀತಿ ನೆನಪಿದೆ.

"ನಮ್ಮಜ್ಜಿ ಕಾಲದಲ್ಲಿ ಪಾವಗಡದ ಸೇರೇ ಬೇರೆ, ಸಿರಾದ ಸೇರೇ ಬೇರೆ. ಇಲ್ಲಿ ಅಳೆದ ರಾಗಿ ಅಲ್ಲಿಗೆ ಹೋದ್ರೆ ಕಮ್ಮಿ ಆಗೋದು. ಕೇಜಿ ಬಂತು, ಜಗಳ ನಿಂತ್ಹೋಯ್ತು. ಯೂರೋಪಲ್ಲೂ ಅಷ್ಟೇ. ಒಂದು ದೇಶದ ಓದು ಇನ್ನೊಂದು ದೇಶದಲ್ಲಿ ನಡೀಲಿ ಅಂತ ಎಲ್ರೂ ಒಂದು ಅಳತೆ ಮಾಡ್ಕೊಂಡ್ರು."

"ನೀವ್ ಯಾವ ಅಳತೆ ಸರ್?"

"ನಾನು ಹಳೇ ಸೇರು ಕಣ್ಲಾ. ಅಟ್ಟದ ಮೇಲಿರೋದು."

ಹಾಗೆಂದು ಆ ಸುಧಾರಣೆಯ ಮೇಲೆ ಅವರಿಗೆ ಮುನಿಸಿರಲಿಲ್ಲ. ಅವರ ಹಾಸ್ಟೆಲ್ ಕೋಣೆಯಲ್ಲಿ ಒಬ್ಬ ರೈತರ ಹುಡುಗ ಇದ್ದನಂತೆ. ನಾಲ್ಕನೆಯ ವರ್ಷದಲ್ಲಿ ಅವನ ತಂದೆ ಹಾಸಿಗೆ ಹಿಡಿದರು, ಅವನು ಓದು ಬಿಟ್ಟು ಊರಿಗೆ ಹೋದ. ಐದು ಮುಗಿಸದವನಿಗೆ ಏನೂ ಇಲ್ಲ. "ಬರೀ ಕೈಯಲ್ಲಿ ಹೋದ ಕಣಮ್ಮ. ಎರಡು ವರ್ಷ ತಡವಾಗಿ ಹುಟ್ಟಿದ್ರೆ ಮೂರು ವರ್ಷದ್ದಾದ್ರೂ ಕೈಯಲ್ಲಿ ಇರ್ತಿತ್ತು. ನನಗೆ ತೊಂದ್ರೆ ಆಯ್ತು ಅಂತ ಒಳ್ಳೇದನ್ನ ಕೆಟ್ಟದ್ದು ಅನ್ನೋಕಾಗ್ತದಾ?" ಎಂದಿದ್ದರು. ಅವನ ಹೆಸರು ಹೇಳುವಾಗ ಸರ್ ಬೇರೆ ಕಡೆ ನೋಡುತ್ತಿದ್ದರು.

ಆ ವರ್ಷ ಮೇಲಿನಿಂದ ಆದೇಶ ಬಂತು. ಅತಿಥಿ ಉಪನ್ಯಾಸಕರೆಲ್ಲ ಪದವಿಯದೂ ಸ್ನಾತಕೋತ್ತರದ್ದೂ ಪ್ರತ್ಯೇಕ ಪ್ರಮಾಣಪತ್ರ ಕೊಡಬೇಕು, ಇಲ್ಲದವರನ್ನು ಮುಂದಿನ ಸಾಲಿಗೆ ಮುಂದುವರಿಸುವುದಿಲ್ಲ. ಅಲ್ಲಿಯವರೆಗೆ ಸರ್ ವಿಷಯ ಹೇಗೋ ನಡೆದುಕೊಂಡು ಹೋಗಿತ್ತು. ನಮ್ಮ ಕಚೇರಿಯ ಸೂಪರಿಂಟೆಂಡೆಂಟು ಷಫಿ ಸಾಹೇಬರು, ಸಿರಾದವರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅರೇ, ಬಿ.ಎ. ಇಲ್ದೆ ಎಂ.ಎ. ಆಗಿದೆ ಅಂತ ಹೆಂಗೆ ಬರೀಲಿ ಸರ್? ಹೆಂಗಾಯ್ತು ಅಂತ ಕೇಳ್ತಾರೆ."

"ಹಂಗೇರಿ" ಎಂದರು ಸರ್.

ಷಫಿ ಸಾಹೇಬರು ನಕ್ಕುಬಿಟ್ಟರು, ನಾನೂ ನಕ್ಕೆ. ಆದರೆ ಸರ್ ಹೊರಗೆ ಬಂದು ಜಗಲಿಯ ಕಂಬಕ್ಕೆ ಒರಗಿ ನಿಂತದ್ದನ್ನು ಕಂಡಾಗ ನಗು ಹೋಯಿತು. ಇಬ್ಬರು ಮಕ್ಕಳು ಓದುತ್ತಿದ್ದರು. ಕೆಲಸ ಹೋದರೆ ಆ ವಯಸ್ಸಿನಲ್ಲಿ ಬೇರೆ ಯಾರು ಕರೆಯುತ್ತಾರೆ?

ತಾವು ಓದಿದ ವಿಶ್ವವಿದ್ಯಾಲಯಕ್ಕೆ ಬರೆದು ವಿವರಣೆ ತರಿಸೋಣವೆಂದು ಹುಡುಕಿದರೆ, ಆ ಹೆಸರಿನ ವಿಶ್ವವಿದ್ಯಾಲಯವೇ ಇರಲಿಲ್ಲ. ಸುಧಾರಣೆಯ ಕಾಲದಲ್ಲಿ ಅದನ್ನು ಇನ್ನೆರಡು ಸಂಸ್ಥೆಗಳ ಜೊತೆ ಕೂಡಿಸಿ ಹೊಸ ಹೆಸರಿಟ್ಟಿದ್ದರು. "ಬಿ.ಎ. ಇಲ್ಲ, ಈಗ ಎಂ.ಎ. ಕೊಟ್ಟೋರೂ ಇಲ್ಲ" ಎಂದು ಸರ್ ಕೈ ಝಾಡಿಸಿದರು. ಆದರೂ ಹೊಸ ಹೆಸರಿನವರಿಗೆ ಅವರದೇ ಭಾಷೆಯಲ್ಲಿ ಇಮೇಲ್ ಮಾಡಿದರು. ಅಕ್ಷರ ಅಕ್ಷರ ನೆನಪು ಮಾಡಿಕೊಂಡು ಬರೆಯುತ್ತಿದ್ದುದನ್ನು ನಾನು ಪಕ್ಕದಲ್ಲಿ ಕೂತು ನೋಡಿದೆ.

ಅದೇ ದಿನಗಳಲ್ಲಿ ಅವರ ತಾಯಿ ಕಣ್ಣು ತೋರಿಸಲು ಮಧುಗಿರಿಗೆ ಬಂದು ನಮ್ಮ ಸ್ಟಾಫ್ ರೂಮಿನಲ್ಲಿ ಕೂತಿದ್ದರು. ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು.

"ನಮ್ ಹನುಮನ್ದು ಅದೇನೋ ಡಿಗ್ರಿ ಸಿಗ್ತಿಲ್ವಂತಲ್ಲಮ್ಮ. ಬರ್ತಾ ದಾರೀಲಿ ಎಲ್ಲಿ ಬುಟ್ಟು ಬಂದ್ನೋ. ಸಣ್ಣೋನಿದ್ದಾಗ್ಲೂ ಅಂಗೇ, ಮೇಯಿಸೋಕೆ ಹೋದ್ರೆ ಕಂಬ್ಳಿ ಬುಟ್ಟು ಬರೋನು."

"ಕಳ್ಕೊಂಡಿಲ್ಲಜ್ಜಿ. ಅಲ್ಲಿ ಅದನ್ನ ಕೊಡ್ತಾನೇ ಇರ್ಲಿಲ್ಲ."

"ಕೊಡ್ದಿದ್ರೆ ಇವ್ನದೇನು ತಪ್ಪು? ಅಂಗಂತ ಹೇಳೋಕಾಗಲ್ವಾ ನಿಮ್ ದೊಡ್ಡೋರಿಗೆ?"

ನಾವು ತಿಂಗಳಿಂದ ಪುಟಗಟ್ಟಲೆ ಬರೆಯುತ್ತಿದ್ದದ್ದೂ ಇಷ್ಟನ್ನೇ.

ಉತ್ತರ ಬರಲಿಲ್ಲ. ಯಾರೋ ಏಜೆಂಟನೊಬ್ಬ ಬಿ.ಎ. ಸರ್ಟಿಫಿಕೇಟು ಮಾಡಿಸಿಕೊಡುತ್ತೇನೆಂದು ಬಂದು ಹೋದ. ಸರ್ ಅವನಿಗೆ ಟೀ ಕುಡಿಸಿ ಕಳಿಸಿದರು. ಮಾರನೆಯ ವಾರ ನನಗೆ ಹೇಳಿದರು: "ದೂರಶಿಕ್ಷಣದಲ್ಲಿ ಬಿ.ಎ.ಗೆ ಸೇರ್ಕೊಂಡ್ಬುಟ್ಟೆ ಕಣಮ್ಮ. ಫಸ್ಟ್ ಇಯರ್." ಕೊಂಡಿದ್ದ ಪುಸ್ತಕಗಳನ್ನು ತೋರಿಸಿದರು. ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಕಡ್ಡಾಯ ಕನ್ನಡ.

ಅವರ ಪರೀಕ್ಷೆಗೆ ನಮ್ಮ ಕಾಲೇಜೇ ಕೇಂದ್ರವಾಯಿತು. ಕೊಠಡಿಯ ಮೇಲ್ವಿಚಾರಣೆಗೆ ನನ್ನನ್ನೇ ಹಾಕಿದರು. ಬದಲಾಯಿಸಿಕೊಡಿ ಎಂದು ಪ್ರಾಂಶುಪಾಲರಲ್ಲಿ ಕೇಳಿಕೊಳ್ಳಲು ಹೊರಟವಳನ್ನು ಸರ್ ತಡೆದರು. "ಬ್ಯಾಡ. ಪರಿಚಯದೋರು ಇದ್ರೆ ಧೈರ್ಯ."

ಪೊಲೀಸ್ ಪೇದೆಗಳು, ಅಂಗನವಾಡಿಯ ಹೆಂಗಸರು, ಗಾರ್ಮೆಂಟ್ಸ್ ಹುಡುಗಿಯರ ನಡುವೆ ಹನುಮಂತರಾಯ ಸರ್ ಕೋಟು ತೊಟ್ಟು ಕೂತಿದ್ದರು. ಎದುರಿಗೆ ನಾನು ಪ್ರಶ್ನೆಪತ್ರಿಕೆ ಹಿಡಿದು ಬಂದಾಗ ಅಭ್ಯಾಸಬಲದಿಂದ ಎದ್ದು ನಿಂತರು. ಕೊಠಡಿಯೇ ನಕ್ಕಿತು. ನಾನು ಪತ್ರಿಕೆಯನ್ನು ಎರಡೂ ಕೈಯಿಂದ ಕೊಟ್ಟೆ. ಅವರು ಕೂತು, ಬಗ್ಗಿ ಬರೆಯತೊಡಗಿದರು. ಕಡೆಯ ಗಂಟೆಯವರೆಗೂ ತಲೆ ಎತ್ತಲಿಲ್ಲ. ಹೊರಗೆ ಬಂದ ಮೇಲೆ ಸಪ್ಪೆ ಮುಖ. "ಸಮಾಜಶಾಸ್ತ್ರ ಹೋಯ್ತು ಅನ್ನಿಸ್ತದೆ ಮಂಜುಳಾ. ಇನ್ನೂ ಎರಡು ವರ್ಷ ಬೇರೆ ಐತೆ. ಅಷ್ಟ್ರೊಳಗೆ ನನ್ನ ಕಳಿಸಿಬುಡ್ತಾರೆ." ಅವರು ಸೋತ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮುಂದಿನ ಸಾಲಿನ ಪಟ್ಟಿ ಕಳಿಸಬೇಕಾದ ಹೊತ್ತಿಗೆ, ನಾವೆಲ್ಲ ಆಸೆ ಬಿಟ್ಟಿದ್ದಾಗ, ಹಂಗೇರಿಯಿಂದ ಉತ್ತರ ಬಂತು. ತಡವಾದದ್ದಕ್ಕೆ ಕ್ಷಮೆ ಕೇಳಿದ್ದರು. ಹಳೆಯ ಸಂಸ್ಥೆಯ ದಾಖಲೆಗಳು ಬೇರೆ ಊರಿನಲ್ಲಿದ್ದವಂತೆ. ಓದಿನ ಪದ್ಧತಿ ಬದಲಾಯಿಸಿದಾಗಲೇ ಹಳೆಯ ಐದು ವರ್ಷದ ಓದು ಹೊಸ ಸ್ನಾತಕೋತ್ತರಕ್ಕೆ ಸಮ ಎಂದು ಅವರ ದೇಶ ಕಾನೂನು ಮಾಡಿತ್ತು. ಅದರೊಳಗೆ ಮೂರು ವರ್ಷದ ಪದವಿಯೂ ಅಡಕವಾಗಿದೆ ಎಂದು, ಪ್ರತಿ ವಿಷಯವನ್ನೂ ಹೊಸ ಕ್ರೆಡಿಟ್ಟಿನಲ್ಲಿ ಲೆಕ್ಕ ಹಾಕಿ, ಮೊಹರು ಒತ್ತಿ ಕಳಿಸಿದ್ದರು.

ಷಫಿ ಸಾಹೇಬರು ಅದನ್ನು ಹಿಡಿದು, ವಿದೇಶದ ಪದವಿಗಳಿಗೆ ಮಾನ್ಯತೆ ಕೊಡುವ ದೆಹಲಿಯ ಕಚೇರಿಗೆ ಬರೆದರು, ಫೋನ್ ಮಾಡಿದರು, ಸಿರಾದಿಂದ ಬರುವ ಬಸ್ಸಿನಲ್ಲೂ ಮಾತಾಡುತ್ತಲೇ ಬಂದರು. ಪಟ್ಟಿಯನ್ನು ತಾವೇ ಕಡೆಯ ದಿನದವರೆಗೆ ತಡೆದಿಟ್ಟರು. ಕೊನೆಗೊಂದು ಬೆಳಗ್ಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಏದುಸಿರು ಬಿಡುತ್ತಾ ಕೂಗಿದರು.

"ಹನುಮಂತರಾಯ ಸಾಬ್! ಮಂಜೂರ್ ಆಯ್ತು! ನಿಮ್ಮ ಎಂ.ಎ. ಒಳಗೇ ಬಿ.ಎ. ಐತಂತೆ!"

ಸರ್ ಕುರ್ಚಿಯಿಂದ ಏಳಲು ಹೋಗಿ ಮತ್ತೆ ಕೂತರು. ಎರಡೂ ಅಂಗೈಯಿಂದ ಮುಖ ಉಜ್ಜಿಕೊಂಡರು. ಆಮೇಲೆ, "ಸದ್ಯ, ಸಮಾಜಶಾಸ್ತ್ರ ಸಪ್ಲಿಮೆಂಟರಿ ತಪ್ತು" ಎಂದರು. ಷಫಿ ಸಾಹೇಬರು ಬಂದು ಅವರ ಹೆಗಲು ತಬ್ಬಿಕೊಂಡಾಗ ಇಬ್ಬರ ಕಣ್ಣೂ ಒದ್ದೆಯಾಗಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ಪಾವಗಡದ ಖಾಸಗಿ ಕಾಲೇಜೊಂದು ಭೂಗೋಳಕ್ಕೆ ಕಾಯಂ ಉಪನ್ಯಾಸಕರನ್ನು ಕರೆಯಿತು. ಈ ಸಲ ಸರ್ ಅರ್ಜಿಯ ಎಲ್ಲ ಖಾನೆಗಳನ್ನೂ ತುಂಬಿದರು. ಆಯ್ಕೆಯಾದರು. ಸ್ವಂತ ತಾಲ್ಲೂಕು, ತಾಯಿ ಇರುವ ಹಳ್ಳಿಯೂ ಹತ್ತಿರ.

ನಮ್ಮ ಕಾಲೇಜಿನಿಂದ ಬಿಡುಗಡೆಯಾದ ದಿನ ಬಸ್ ನಿಲ್ದಾಣದವರೆಗೆ ನಾನೂ ಹೋಗಿದ್ದೆ. ಪಾವಗಡದ ಬಸ್ಸು ಇನ್ನೂ ಹೊರಟಿರಲಿಲ್ಲ. ಕಿಟಕಿಯ ಪಕ್ಕ ಸೀಟು ಸಿಕ್ಕಿತು ಅವರಿಗೆ. "ಹೋಗಿ ಬನ್ನಿ ಅನ್ನಮ್ಮ, ಇನ್ನೇನು" ಎಂದು ನಕ್ಕರು. ದಾರಿಗೆ ಬೇಕಾಗುತ್ತದೆಂದು ನಾನು ಬಾಳೆಹಣ್ಣು ತರಲು ಹೋದೆ. ಚಿಲ್ಲರೆಗಾಗಿ ಅಂಗಡಿಯವನು ತಡ ಮಾಡಿದ.

ಹಣ್ಣು ಹಿಡಿದು ಬಂದು ನೋಡಿದರೆ ಸರ್ ನಿದ್ದೆ ಹೋಗಿದ್ದರು. ಪಕ್ಕದ ಬಸ್ಸಿನ ಕಂಡಕ್ಟರು ಸಿರಾ, ಸಿರಾ ಎಂದು ಅರಚುತ್ತಿದ್ದ, ಜನ ಮೂಟೆ ಎತ್ತಿ ಒಳಗೆ ನೂಕುತ್ತಿದ್ದರು. ಅವರಿಗೆ ಯಾವುದೂ ಕೇಳಿಸುತ್ತಿರಲಿಲ್ಲ. ತಲೆ ಕಿಟಕಿಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದು ಸಣ್ಣಗೆ ಗೊರಕೆ ಬರುತ್ತಿತ್ತು. ಹಣ್ಣನ್ನು ಕಿಟಕಿಯಿಂದ ಮೆಲ್ಲಗೆ ಅವರ ತೊಡೆಯ ಮೇಲಿಟ್ಟೆ. ಬಸ್ಸು ಹೊರಟಿತು. ಎಚ್ಚರವಾದೀತೆಂದು ನಾನು ಕೂಗಲಿಲ್ಲ.