ಮದರಾಸಿಗೆ ಒಯ್ದ ಗುಗ್ಗಳದ ಕತ್ತಿ

ಮಧ್ಯಾಹ್ನದ ಹೊತ್ತಿಗೆ ರೈಲು ಚೆನ್ನೈ ಸೆಂಟ್ರಲ್ ಸೇರಿತು. ಹಾವೇರಿಯಿಂದ ರಾತ್ರಿ ಹೊರಟು, ಬೆಂಗಳೂರಿನಲ್ಲಿ ಬೆಳಿಗ್ಗೆ ಗಾಡಿ ಬದಲಿಸಿ, ಕಟ್ಟಿ ತಂದ ರೊಟ್ಟಿ, ಶೇಂಗಾ ಚಟ್ನಿಯನ್ನು ಜೋಲಾರ್‌ಪೇಟೆ ದಾಟುವಾಗ ತಿಂದು ಮುಗಿಸಿದ್ದೆವು. ಇಳಿದ ಕೂಡಲೇ ಸೆಕೆ ಮೈಗೆ ಅಂಟಿಕೊಂಡಿತು. ನಾನು ಈ ಊರಲ್ಲೇ ಹುಟ್ಟಿ ಬೆಳೆದವಳು. ಹಾವೇರಿಯ ಸೊಸೆಯಾದ ಮೇಲೆ ಇಲ್ಲಿನ ಸೆಕೆ ಮರೆತಿದ್ದೆ, ತಮಿಳು ಮರೆತಿರಲಿಲ್ಲ.

ಜೊತೆಗೆ ನನ್ನ ಗಂಡನ ಅಣ್ಣ ಗುರುಶಾಂತಪ್ಪ ಭಾವ ಇದ್ದರು. ಅವರು ನಮ್ಮೂರ ವೀರಭದ್ರ ದೇವರ ಪುರವಂತರು. ಕೀಲ್ಪಾಕಿನಲ್ಲಿರುವ ನನ್ನ ತಮ್ಮ ಚಂದ್ರುವಿನ ಮಗಳ ಮದುವೆ ಮರುದಿನ. ನಮ್ಮಲ್ಲಿ ಮದುವೆಯ ಹಿಂದಿನ ಸಂಜೆ ಗುಗ್ಗಳ ಹೊರಡಲೇಬೇಕು. ಕೊಡದಲ್ಲಿ ಬೆಂಕಿ ಹೊತ್ತು ಸಾಗುವವರ ಮುಂದೆ ಪುರವಂತರು ಕತ್ತಿ ಹಿಡಿದು, ದೇವರನ್ನು ಹೊಗಳುವ ಒಡಪು ಹೇಳುತ್ತ ಕುಣಿಯುತ್ತಾರೆ. ತಮ್ಮನ ಬಳಗದಲ್ಲಿ ಪುರವಂತರೂ ಇಲ್ಲ, ಕತ್ತಿಯೂ ಇಲ್ಲ. ಎರಡೂ ಹಾವೇರಿಯಿಂದಲೇ ಬರಬೇಕಾಯಿತು.

"ಹೆಣ್ಮಕ್ಕಳ ಸಾಮಾನು ಯಾರು ನೋಡ್ತಾರವಾ" ಎಂದು ಭಾವ ಕತ್ತಿಯನ್ನು ಜಮಖಾನೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಿದ್ದರು. ನಾನೂ ತಲೆಯಾಡಿಸಿದ್ದೆ. ನಮ್ಮಿಬ್ಬರ ಜಾಣತನ ನಿಲ್ದಾಣದ ಎದುರಿನ ರಸ್ತೆಯವರೆಗೆ ಮಾತ್ರ ನಡೆಯಿತು.

ಆ ವಾರ ಹತ್ತಿರದಲ್ಲೆಲ್ಲೋ ಒಬ್ಬನನ್ನು ಕಡಿದು ಹಾಕಿದ್ದರಂತೆ. ಪೊಲೀಸರು ರಸ್ತೆಗೆ ಬ್ಯಾರಿಕೇಡ್ ಇಟ್ಟು, ಅನುಮಾನ ಬಂದವರನ್ನು ನಿಲ್ಲಿಸಿ ತಪಾಸಣೆ ಮಾಡುತ್ತಿದ್ದರು. ಹೆಂಗಸರನ್ನು ನೋಡಲು ಮಹಿಳಾ ಪೊಲೀಸರೊಬ್ಬರಿದ್ದರು. "ಅದು ಎನ್ನಮ್ಮಾ? ಪಿರಿಂಗ" ಎಂದು ಆಕೆ ನನ್ನ ಕೈಯಿಂದಲೇ ಜಮಖಾನೆ ಬಿಚ್ಚಿಸಿದರು. ಕತ್ತಿಯ ಹಿಡಿ ಕಂಡಿತು. ನಮ್ಮನ್ನು ಹತ್ತಿರದ ಠಾಣೆಗೆ ಕರೆದೊಯ್ದರು.

ನಮ್ಮ ಹಿಂದೆಯೇ ಇನ್ನೊಬ್ಬನನ್ನು ತಂದು ಅದೇ ಬೆಂಚಿನ ಮೇಲೆ ಕೂರಿಸಿದರು. ಐವತ್ತು ದಾಟಿದ ಮನುಷ್ಯ. ಕ್ರೋಂಪೇಟೆಯಿಂದ ಬಂದು ಪೆರಿಯಮೇಟಿನ ಚಪ್ಪಲಿ ಕಾರ್ಖಾನೆಗೆ ನಡೆದು ಹೋಗುತ್ತಿದ್ದನಂತೆ. ಅವನ ಊಟದ ಚೀಲದಲ್ಲಿ ಚರ್ಮ ಕೊಯ್ಯುವ ಗೇಣುದ್ದದ ಕತ್ತಿಯಿತ್ತು. ಮಾಲೀಕ ಫೋನ್ ಎತ್ತುತ್ತಿರಲಿಲ್ಲ. "ಅದು ಇಲ್ಲದೆ ಹೋದರೆ ಕೆಲಸಕ್ಕೆ ಸೇರಿಸಲ್ಲಮ್ಮಾ" ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳಿದ.

ಇನ್ಸ್‌ಪೆಕ್ಟರ್ ಭಾವನಿಗೆ ಕತ್ತಿ ಹೊರತೆಗೆಯಲು ಹೇಳಿದರು. ಭಾವ ಕೈಮುಗಿದರು. "ಸ್ನಾನ ಆಗಬೇಕು, ಪೂಜಿ ಆಗಬೇಕು. ಅದಿಲ್ಲದ ನಾ ಒರಿ ಬಿಚ್ಚೂದಿಲ್ರಿ."

ನಾನು ಅದನ್ನು ತಮಿಳಿನಲ್ಲಿ ಹೇಳಿದೆ. ಇನ್ಸ್‌ಪೆಕ್ಟರ್ ಮುಖ ಬಿಗಿದುಕೊಂಡಿತು. ಹಾಗಾದರೆ ಕೇಸು ಹಾಕುತ್ತೇವೆ, ಕತ್ತಿ ಕೋರ್ಟಿಗೆ ಹೋಗುತ್ತದೆ ಎಂದರು. ನಾನು ಅದನ್ನು ಭಾವನಿಗೆ ತಿಳಿಸಿದೆ. ಭಾವ "ಬೇಕಾದ್ರ ನನ್ನ ಒಳಗ ಹಾಕ್ರಿ, ಕತ್ತೀನ್ನ ಹುಡುಗಿ ಗುಗ್ಗಳಕ್ಕ ಕಳಸ್ರಿ" ಎಂದರು.

ಕೊನೆಗೆ ಮಹಿಳಾ ಪೊಲೀಸರೇ ಅದನ್ನು ಒರೆಯಿಂದ ಎಳೆದರು. ಭಾವ ಕಣ್ಣು ಮುಚ್ಚಿಕೊಂಡು ಏನೋ ಗೊಣಗಿದರು. ಅಲಗಿನ ಮೇಲೆ ಹಳೆಯ ವಿಭೂತಿ, ಕುಂಕುಮ. ಕತ್ತಿಯ ಬಾಯಿ ಮೊಂಡಾಗಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಪಕ್ಕದ ಆ ಮನುಷ್ಯ ತನ್ನ ನೀರಿನ ಬಾಟಲಿ ನನ್ನತ್ತ ಚಾಚಿದ. "ಕಲ್ಯಾಣಂ ನಲ್ಲಾ ನಡಕ್ಕುಮ್ಮಾ" ಎಂದ. ಮದುವೆ ಚೆನ್ನಾಗಿಯೇ ಆಗುತ್ತದೆ ಎಂಬ ಭರವಸೆ ಕೊಟ್ಟವನು ಆ ದಿನ ಅವನೊಬ್ಬನೇ.

ನನ್ನ ಫೋನ್ ಸಿಕ್ಕಿ, ಸಂಜೆಗೆ ಮುಂಚೆ ಚಂದ್ರು ಬಂದ. ಅವನು ಆಡಿಟರ್. "ಕವಲೆ ಬೇಡ ಅಕ್ಕಾ, ನಾನು ಪೇಸಿ ಮುಗಿಸ್ತೀನಿ" ಎಂದು ತಮಿಳು ಬೆರೆತ ತನ್ನ ಕನ್ನಡದಲ್ಲಿ ನನ್ನ ಚಿಂತೆ ಬಿಡಿಸಿ, ಇನ್ಸ್‌ಪೆಕ್ಟರಿಗೆ ಲಗ್ನಪತ್ರಿಕೆ ತೋರಿಸಿದ, ಫೋನಿನಲ್ಲಿ ಹಳೆಯ ಗುಗ್ಗಳದ ವಿಡಿಯೊ ತೋರಿಸಿದ, ಅರ್ಧ ಇಂಗ್ಲಿಷಿನಲ್ಲಿ ಮಾತಾಡಿದ. ಇನ್ಸ್‌ಪೆಕ್ಟರ್ ಚಹಾ ತರಿಸಿದರು. ಪೂಜೆಯ ಕತ್ತಿ, ಒಯ್ಯಿರಿ, ವಾಪಸು ಹೋಗುವಾಗ ದಾರಿಯಲ್ಲಿ ಮತ್ತೆ ಯಾರೂ ಹಿಡಿಯದಂತೆ ಇಲ್ಲಿಂದ ಪತ್ರ ಪಡೆದುಕೊಂಡೇ ಹೋಗಿ ಎಂದರು. ನಾವು ಎದ್ದೆವು. ಆ ಮನುಷ್ಯನೂ ಅರ್ಧ ಎದ್ದು, ಯಾರೂ ಕರೆಯದ್ದರಿಂದ ಮತ್ತೆ ಕೂತ. ನನಗೆ ಆಗ ಗುಗ್ಗಳ ಬಿಟ್ಟು ಬೇರೇನೂ ತಲೆಯಲ್ಲಿರಲಿಲ್ಲ.

ಗುಗ್ಗಳ ಚೆನ್ನಾಗಿ ನಡೆಯಿತು. ಕೀಲ್ಪಾಕಿನ ಬೀದಿಯಲ್ಲಿ ಆಟೋದವರು ಗಾಡಿ ನಿಲ್ಲಿಸಿ ನೋಡಿದರು. ಊಟಕ್ಕೆ ಕೂತಾಗ ಭಾವ "ಆ ಮನಷ್ಯಾನ್ನ ಬಿಟ್ರಂತೇನು?" ಎಂದು ಚಂದ್ರುವನ್ನು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ.

ಮರುದಿನ ಅಕ್ಷತೆ ಬಿದ್ದ ಮೇಲೆ, ರೈಲಿಗೆ ಹೋಗುವ ದಾರಿಯಲ್ಲಿ ಪತ್ರಕ್ಕಾಗಿ ಠಾಣೆಗೆ ಹೋದೆವು. ಅದೇ ಮಹಿಳಾ ಪೊಲೀಸರು ಪತ್ರ ಕೊಟ್ಟರು. ಭಾವನ ಹೆಸರು, ನನ್ನ ಹೆಸರು, ಕತ್ತಿ ಯಾವ ದೇವರದ್ದು ಎಂಬುದೆಲ್ಲ ಅದರಲ್ಲಿತ್ತು. ನಾನು ಆ ಮನುಷ್ಯನ ವಿಷಯ ಕೇಳಿದೆ. ರಾತ್ರಿ ಬಿಟ್ಟರಂತೆ. ಕತ್ತಿ ಕೊಟ್ಟಿಲ್ಲ, ಅವನ ಪರವಾಗಿ ಯಾರಾದರೂ ಬಂದು ಹೇಳಬೇಕು, ಯಾರೂ ಬಂದಿಲ್ಲ ಎಂದರು. ಅದು ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಬಿದ್ದಿತ್ತು.

"ಅದು ಚರ್ಮ ಕೊಯ್ಯುವ ಕತ್ತಿ ಅಂತ ನಾನು ಬರೆದುಕೊಡಲೇ?" ಎಂದೆ.

"ಅವನು ನಿಮಗೆ ಗೊತ್ತಾ? ಹೆಸರೇನು ಹೇಳಿ."

ನಾನು ಭಾವನ ಮುಖ ನೋಡಿದೆ. ಆಕೆ ಚೀಲವನ್ನು ಎತ್ತಿ ಕಪಾಟಿನೊಳಗೆ ಇಟ್ಟರು.

ರೈಲು ಪೆರಂಬೂರು ದಾಟಿತು. ಭಾವ, "ಹೆಸರ ಕೇಳಬೇಕಿತ್ತವಾ" ಎಂದರು.